ಸುಂಟರಗಾಳಿ ಬರೆದ ಮೇಷ್ಟ್ರು

ಮೇಷ್ಟ್ರ ಬಲಗೈಯ ಕಿರುಬೆರಳಿಗೆ ಮಾತ್ರ ಉದ್ದನೆಯ ಉಗುರಿತ್ತು, ಅದರ ಸಂದಿಯಲ್ಲಿ ಸದಾ ಇದ್ದಿಲ ಕಪ್ಪು. ಕಾಗದದ ಮೇಲೆ ಇದ್ದಿಲು ತಿಕ್ಕಿ, ಬೆಳಕು ಬೇಕಾದ ಕಡೆ ಆ ಉಗುರಿನಿಂದ ಕೆರೆಯುತ್ತಿದ್ದರು. ಊಟಕ್ಕೆ ಕೂತಾಗಲೆಲ್ಲ ಅವರ ಹೆಂಡತಿ, "ಆ ಉಗ್ರು ತಗ್ದಾಕಿ ಅಂದ್ರೆ ಕೇಳಾಕಿಲ್ಲ, ಮುದ್ದೆಗೆಲ್ಲ ಇದ್ದಿಲು" ಎಂದು ಗೊಣಗುತ್ತಿದ್ದರು.

ನಾನು ಟೀಚರಾಗಿ ಮಧುಗಿರಿಗೆ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿದ್ದ ಇವರ ಮನೆಯ ಮುಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ. ಪಾವಗಡದಿಂದ ಒಬ್ಬಳೇ ಬಂದಿದ್ದ ನನ್ನ ಸೀಮೆಎಣ್ಣೆ ಸ್ಟೌವನ್ನು ಒಂದು ವಾರಕ್ಕೇ ಮೂಲೆಗಿಟ್ಟು, ಮೇಷ್ಟ್ರ ಹೆಂಡತಿ ಒಳಗೆ ಊಟಕ್ಕೆ ಕರೆದರು; ಅವರನ್ನು ನಾನು ಅಮ್ಮ ಎನ್ನುತ್ತಿದ್ದೆ.

ಒಂದು ಸಂಜೆ ಮೂವರೂ ಟೆಂಟ್ ಸಿನಿಮಾಕ್ಕೆ ಹೋದೆವು. ಸಿನಿಮಾಕ್ಕೆ ಮುಂಚೆ ಹಾಕುವ ವಾರ್ತಾಚಿತ್ರದಲ್ಲಿ ಅಮೆರಿಕಾದ ಯಾವುದೋ ಬಯಲಿನ ಸುಂಟರಗಾಳಿ ಬಂತು. ಯಾರೋ ಅಲ್ಲೇ ನಿಂತು ಹಿಡಿದ ನಿಜವಾದ ಗಾಳಿ. ನಾವು ಕಂಡಿದ್ದು ಬೇಸಿಗೆಯಲ್ಲಿ ತರಗೆಲೆ ತಿರುಗಿಸುವ ಗಾಳಿಯನ್ನಷ್ಟೆ. ಇದು ಮೋಡದಿಂದ ಆನೆಯ ಸೊಂಡಿಲಿನ ಹಾಗೆ ಇಳಿದು ನೆಲ ಮುಟ್ಟಿತು; ಒಂದು ಮರದ ಮನೆ ಹಲಗೆ ಹಲಗೆಯಾಗಿ ಮೇಲೆದ್ದುಹೋಯಿತು. ಜನ ಶಿಳ್ಳೆ ಹೊಡೆದರು. ಮೇಷ್ಟ್ರು ಎದ್ದು ನಿಂತಿದ್ದರು. ಹಿಂದಿನವರು "ಕುಂತ್ಕಳ್ರೀ" ಎಂದು ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ.

ಆಮೇಲೆ ದಿನವೂ ಹೋದರು. ಗಾಳಿ ಮುಗಿಯುತ್ತಲೇ ಎದ್ದು ಬರುತ್ತಿದ್ದರು. "ಎಲ್ರೂ ಸಿನಿಮಾ ನೋಡಾಕೆ ಹೋದ್ರೆ ಇವ್ರು ಗಾಳಿ ನೋಡಾಕೆ ಹೋಯ್ತಾರೆ ಕಣಮ್ಮ" ಎಂದು ಅಮ್ಮ ನಗುತ್ತಿದ್ದರು. ಬಂದವರೇ ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಕಾಗದ ಹರಡಿ ಬರೆಯಲು ಕೂರುತ್ತಿದ್ದರು. ಗಾಳಿ ಅದೇ, ಬಯಲು ಮಾತ್ರ ನಮ್ಮದು. ದೊಡ್ಡೇರಿಯ ರಾಗಿ ಹೊಲದ ಮೇಲೆ ಒಂದು; ಮಧುಗಿರಿಯ ಬೆಟ್ಟದ ಪಕ್ಕದಲ್ಲಿ, ಬೆಟ್ಟವೇ ಬೆಣಚುಕಲ್ಲಿನಷ್ಟು ಚಿಕ್ಕದಾಗಿ ಕಾಣುವಂತೆ ಇನ್ನೊಂದು. ಎಲ್ಲದರಲ್ಲೂ ನೆಲ ಒಂದು ಕಡೆಗೆ ವಾಲಿತ್ತು. ಯಾಕೆಂದು ಕೇಳಿದೆ.

"ಅಲ್ಲಿ ಕ್ಯಾಮೆರಾ ಹಿಡ್ಕೊಂಡು ಒಬ್ಬ ನಿಂತಿದ್ದನಲ್ಲಮ್ಮ, ಅವನ ಕೈ ನಡುಗಿದೆ. ಓಡಿಹೋಗಬಹುದಿತ್ತು, ಹೋಗಲಿಲ್ಲ. ಅವನ ನಡುಕ ಬಿಟ್ಟು ಬರೀ ಗಾಳಿ ಬರೆದರೆ ಸುಳ್ಳಾಗುತ್ತೆ."

ಸೊಂಡಿಲು ನೆಲ ಮುಟ್ಟುವ ಗಳಿಗೆಯೊಂದು ಮಾತ್ರ ಅವರಿಗೆ ದಕ್ಕಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೋಗಿಬಿಡುತ್ತಿತ್ತು. ವಾರ್ತಾಚಿತ್ರ ವಾಪಸು ಹೋಗುವ ಹಿಂದಿನ ದಿನ ಟೆಂಟಿನ ಆಪರೇಟರನ್ನು ಕಾಡಿ ಒಪ್ಪಿಸಿದರು. ಅವನು ನಮ್ಮ ಪಾವಗಡದ ಕಡೆಯವನು, ಹೊಸದಾಗಿ ಮದುವೆಯಾಗಿದ್ದ. ಮೋಡ ಕವಿದ ಮಧ್ಯಾಹ್ನ, ಮಾಲೀಕ ಇಲ್ಲದ ಹೊತ್ತಿನಲ್ಲಿ, ಟೆಂಟಿನ ಪರದೆಗಳನ್ನೆಲ್ಲ ಇಳಿಬಿಟ್ಟು ನಮ್ಮಿಬ್ಬರಿಗಾಗಿ ಮಿಷಿನ್ ಓಡಿಸಿದ.

"ಅಲ್ಲೇ! ಒಂದು ಗಳಿಗೆ ನಿಲ್ಸಪ್ಪ."

"ನಿಲ್ಸುದ್ರೆ ಫಿಲಂ ಸುಟ್ಟೋಯ್ತದೆ ಸಾರ್."

"ಒಂದೇ ಗಳಿಗೆ. ನಿನ್ನ ಕಾಲಿಗೆ ಬೀಳ್ತೀನಿ."

ವಯಸ್ಸಾದ ಮೇಷ್ಟ್ರ ಬಾಯಲ್ಲಿ ಆ ಮಾತು ಕೇಳಿ ಅವನು ತಬ್ಬಿಬ್ಬಾಗಿ ನಿಲ್ಲಿಸಿದ. ಗಾಳಿ ಅಲುಗದೆ ನಿಂತಿತು. ಮೇಷ್ಟ್ರ ಕೈ ಕಾಗದದ ಮೇಲೆ ಓಡಿತು. ಅಷ್ಟರಲ್ಲಿ ಚಿತ್ರದೊಳಗಿನ ಮೋಡದ ನಡುವೆ ಕಂದು ಗುಳ್ಳೆಯೊಂದು ಎದ್ದು, ಅಗಲವಾಗಿ, ಪರದೆ ಬೆಳ್ಳಗಾಯಿತು. ಟೆಂಟೆಲ್ಲ ಸುಟ್ಟ ವಾಸನೆ.

ಮಾಲೀಕ ಆವತ್ತೇ ಅವನನ್ನು ಕೆಲಸದಿಂದ ತೆಗೆದ. ಮೇಷ್ಟ್ರು ಓಡಿಹೋಗಿ "ತಪ್ಪು ನಂದು, ನಾನೇ ನಿಲ್ಸು ಅಂದಿದ್ದು" ಎಂದರು. "ನೀವು ದೊಡ್ಡೋರು, ನಿಮ್ಗೇನನ್ಲಿ? ಮಿಷಿನ್ ಅವನ ಕೈಲಿತ್ತು" ಎಂದ ಮಾಲೀಕ. ಆಪರೇಟರ್ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ.

ಆ ಗಳಿಗೆಯ ಚಿತ್ರವನ್ನು ಮೇಷ್ಟ್ರು ಮುಗಿಸಿದರು. ಅವರು ಬರೆದದ್ದರಲ್ಲೆಲ್ಲ ಅದೇ ಮೇಲು. ಆದರೆ ಅದಾದ ಮೇಲೆ ಶಾಲೆಯ ಕರಿಹಲಗೆ ಬಿಟ್ಟು ಬೇರೆಲ್ಲೂ ಗೆರೆ ಎಳೆಯಲಿಲ್ಲ. ಊಟದ ನಡುವೆ ಕೈ ನಿಲ್ಲಿಸಿ, "ಆ ಹುಡುಗ ಎಲ್ಲಿದ್ದಾನೋ" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ, ರಜೆಗೆ ಊರಿಗೆ ಹೋದಾಗ, ಅಲ್ಲಿನ ಹಿಟ್ಟಿನ ಗಿರಣಿಯಲ್ಲಿ ಅವನನ್ನು ಕಂಡೆ. ಬಂದು ಹೇಳಿದ್ದೇ ತಡ, ಮೇಷ್ಟ್ರು ಆ ಚಿತ್ರವನ್ನು ಸುತ್ತಿಕೊಂಡು ನನ್ನನ್ನೂ ಹೊರಡಿಸಿ ಪಾವಗಡದ ಬಸ್ಸು ಹತ್ತಿದರು. ಗಿರಣಿಯ ಮುಂದೆ ಬಿಚ್ಚಿ ಹಿಡಿದು, "ಇದು ನಿಂದು ಕಣಪ್ಪ" ಎಂದರು. ರೆಪ್ಪೆಗೆಲ್ಲ ಹಿಟ್ಟು ಮೆತ್ತಿದ್ದ ಅವನು ಬಹಳ ಹೊತ್ತು ನೋಡಿದ.

"ಚೆನ್ನಾಗೈತೆ ಸಾರ್," ಎಂದ. ಆಮೇಲೆ ಮೆಲ್ಲಗೆ, ನಮ್ಮ ಕಡೆಯ ತೆಲುಗು ಬೆರೆಸಿ, "ವದ್ದು ಸಾರ್, ನಂಗ್ ಬ್ಯಾಡ. ಸಿನಿಮಾ ಮಿಷಿನ್ ಅಂದ್ರೆ ಪ್ರಾಣ ನಂಗೆ. ಇದ್ನ ಮನೇಲಿಟ್ಕಂಡ್ರೆ ದಿನಾ ನೆಪ್ಪಾಯ್ತದೆ."

ವಾಪಸು ಬರುವಾಗ ಮೇಷ್ಟ್ರು ಬಸ್ಸಿನಲ್ಲಿ ಸುತ್ತಿದ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಿವೃತ್ತರಾದ ವರ್ಷವೇ ಎದೆನೋವು ಬಂದು ತೀರಿಕೊಂಡರು. ನಾನು ಪಾವಗಡಕ್ಕೆ ಹೇಳಿ ಕಳಿಸಿದ್ದೆ. ತಿಥಿಯ ದಿನ ಆಪರೇಟರ್ ಬಂದ. ಪಡಸಾಲೆಯಲ್ಲಿ ಕೂತು, ಗೋಡೆಗಳನ್ನೆಲ್ಲ ನೋಡಿ, "ಅಮ್ಮಾ, ಆ ಚಿತ್ರ ಐತಾ? ಕೊಟ್ರೆ ತಗಂಡೋಯ್ತೀನಿ" ಎಂದು ಕೇಳಿದ.

"ಪಾವಗಡದಿಂದ ಬಂದ್ ದಿನ್ವೇ ಒಲೆಗೆ ಹಾಕ್ಬುಟ್ರು ಕಣಪ್ಪ," ಎಂದರು ಅಮ್ಮ.

ಅದು ನನಗೂ ಗೊತ್ತಿರಲಿಲ್ಲ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು, "ಆವತ್ತೇ ಈಸ್ಕಬೇಕಿತ್ತು, ಈಸ್ಕಬೇಕಿತ್ತು" ಎಂದು ಬಿಕ್ಕಿದ. ಅಮ್ಮ ಅವನ ಹೆಗಲು ಮುಟ್ಟಿದರು.

"ಏಳಪ್ಪ, ಕೈ ತೊಳ್ಕ. ನಿನ್ನ ಒಂದ್ಸಲ ಮನೆಗೆ ಕರ್ದು ಊಟ ಹಾಕ್ಬೇಕು ಅಂತ ಅವ್ರಿಗೆ ಬಾಳ ಆಸೆ ಇತ್ತು."

ಅವನು ಎದ್ದು ಎಲೆಯ ಮುಂದೆ ಕೂತ. ಅಮ್ಮ ಬಡಿಸಿದರು. ಅವನು ಉಂಡು ಮುಗಿಸುವ ತನಕ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.