ನಾನಿಲ್ಲದ ಐದು ದಿನ

ಇನ್ನೊಬ್ಬರ ಬರಹದಲ್ಲಿ ಒಂದಾದರೂ ತಪ್ಪು ತಿದ್ದದೆ ನನಗೆ ಬೆಳಗಿನ ಕಾಫಿ ರುಚಿಸುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಅನಂತರ ಸಾಫ್ಟ್‌ವೇರಿಗೆ ಬಂದವನು ನಾನು. ಕೆಂಪು ಶಾಯಿಯ ಪೆನ್ನು ಶಾಲೆಯಲ್ಲೇ ಉಳಿಯಿತು. ಚಟ ಮಾತ್ರ ನನ್ನೊಡನೆ ಹಿನಕಲ್ಲಿನಾಚೆಯ ಆಫೀಸಿಗೆ ಬಂತು. ಅಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ಟೀಮಿನವರು ಬರೆದ ಕೋಡಿನ ಒಂದು ಸಾಲೂ ನನ್ನ ಒಪ್ಪಿಗೆಯಿಲ್ಲದೆ ಹೊರಗೆ ಹೋದದ್ದಿಲ್ಲ. ಹೀಗಿರುವಾಗ ಮೇಲಿನ ಹುದ್ದೆ ನನಗಲ್ಲದೆ ಇನ್ನಾರಿಗೆ?

ಬಡ್ತಿಯ ಮಾತೆತ್ತಲು ಮ್ಯಾನೇಜರ್ ರಾಧಿಕಾ ಅವರ ಬಳಿ ಹೋದೆ. ಅವರು ನನಗಿಂತ ಹತ್ತು ವರ್ಷ ಕಿರಿಯರು.

“ಸರ್, ನೀವು ಒಂದು ವಾರ ಬರ್ಲಿಲ್ಲ ಅಂದ್ರೆ ಇಲ್ಲಿ ಏನಾಗುತ್ತೆ?”

“ಎಲ್ಲ ಕೆಲಸವೂ ನಿಂತುಹೋಗುತ್ತದೆ,” ಎಂದೆ ಹೆಮ್ಮೆಯಿಂದ.

“ನಿಮ್ಮ ಬಡ್ತಿ ನಿಂತಿರೋದೂ ಅದಕ್ಕೇ ಸರ್.”

ಮೇಲಿನ ಹುದ್ದೆಯವನ ಯೋಗ್ಯತೆಯನ್ನು ಅವನು ಮಾಡಿದ್ದರಿಂದ ಅಲ್ಲ, ಅವನಿಲ್ಲದಾಗ ಉಳಿದವರು ಮಾಡಿದ್ದರಿಂದ ಅಳೆಯುತ್ತಾರಂತೆ. ಸೋಮವಾರದಿಂದ ಶುಕ್ರವಾರದವರೆಗೆ ರಜೆ ಹಾಕಿ, ಕೋಡಿನ ಪರಿಶೀಲನೆ ನಸ್ರೀನ್‌ಗೆ ಬಿಡಿ, ಆಮೇಲೆ ಅರ್ಜಿ ಬರೆಯಿರಿ ಎಂದರು. ಉದಯಗಿರಿಯ ನಸ್ರೀನ್ ನಮ್ಮಲ್ಲಿಗೆ ಬಂದು ನಾಲ್ಕು ವರ್ಷ. ಅಲ್ಪವಿರಾಮವೊಂದನ್ನು ಬಿಟ್ಟರೆ ಮತ್ತೇನನ್ನೂ ಮರೆಯದ ಹೆಣ್ಣುಮಗಳು.

ಮನೆಯಲ್ಲಿ ಕುಳಿತವನು ಗೊಂದಲಕ್ಕೆ ಬಿದ್ದೆ. ಆಫೀಸಿನಿಂದ ಫೋನು ಬಂದರೆ ಬಡ್ತಿ ಹೋಯಿತು. ಬಾರದಿದ್ದರೆ ನಾನೇ ಹೋದೆ. ಯಾವುದನ್ನು ಹಾರೈಸಬೇಕು? ಮಂಗಳವಾರ ಚಾರ್ಜರ್ ಬದಲಿಸಿದೆ. ಬುಧವಾರ ಸಿಮ್ ತೆಗೆದು ಒರೆಸಿ ಹಾಕಿದೆ. ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ, “ಫೋನು ನೆಟ್ಟಗೇ ಇದೆ ಕಣ್ರೀ. ಯಾರೂ ಮಾಡಿಲ್ಲ, ಅಷ್ಟೇ. ಬನ್ನಿ, ಇದನ್ನಾದ್ರೂ ಬಿಡಿಸಿ,” ಎಂದಳು. ಅವಳು ಆಗಲೇ ಬಿಡಿಸಿಟ್ಟಿದ್ದರಲ್ಲಿ ಮೂರು ಹುಳುಕು ಕಾಳು ಹುಡುಕಿ ತೋರಿಸಿದೆ.

“ಅಯ್ಯೋ, ಆಫೀಸ್ಗೇ ಹೋಗ್ಬುಡಿ ನೀವು!”

ಶಾಲೆಯಲ್ಲಿ ತರಗತಿಯನ್ನು ಮಾನಿಟರನ ವಶಕ್ಕೆ ಬಿಟ್ಟು, ಕಿಟಕಿಯ ಮರೆಯಲ್ಲಿ ನಿಂತು ಕಿವಿಗೊಡುವುದು ನನ್ನ ಪದ್ಧತಿಯಾಗಿತ್ತು. ಗಲಾಟೆಯಾದರೆ ಕೋಪ ಬರುತ್ತಿತ್ತು. ಆಗದಿದ್ದರೆ ಏಕೋ ಬೇಸರವಾಗುತ್ತಿತ್ತು. ಗುರುವಾರ ಲ್ಯಾಪ್‌ಟಾಪ್ ತೆರೆದು ಅದೇ ಕಳ್ಳಗಾವಲಿಗೆ ನಿಂತೆ. ನಾನು ಎರಡು ಬಾರಿ ತಳ್ಳಿಹಾಕಿದ್ದ ಕೋಡಿನ ಬದಲಾವಣೆಯೊಂದನ್ನು ನಸ್ರೀನ್ ಒಪ್ಪಿ ಕಳುಹಿಸಿಬಿಟ್ಟಿದ್ದಳು! ಏನಾದರೂ ಕೆಟ್ಟೀತೆಂದು ಸಂಜೆಯವರೆಗೆ ಕಾದೆ. ಏನೂ ಕೆಡಲಿಲ್ಲ. ಅದರ ಕೆಳಗಿನ ಟಿಪ್ಪಣಿಯಲ್ಲಿ, ಹೊಸದಾಗಿ ಸೇರಿದವಳೊಬ್ಬಳಿಗೆ ಅವಳು ಬರೆದಿದ್ದಳು: “ಇನ್ನೊಬ್ರು ಓದಿದ ಕೂಡ್ಲೇ ಅರ್ಥ ಆಗ್ಬೇಕು ಕಣಮ್ಮ. ಸರ್ ಇದನ್ನ ನಂಗೆ ನೂರು ಸಲ ಹೇಳಿದಾರೆ, ನಿಂಗೆ ನಾನು ಒಂದೇ ಸಲ ಹೇಳ್ತೀನಿ.” ಇದು ಹೊಗಳಿಕೆಯೋ ದೂರೋ ಎಂಬುದನ್ನು ನಾನಿನ್ನೂ ನಿರ್ಧರಿಸಿಲ್ಲ.

ಬಡ್ತಿಯ ಅರ್ಜಿಯಲ್ಲಿ ‘ಈ ವರ್ಷದ ನಿಮ್ಮ ಮುಖ್ಯ ಸಾಧನೆ’ ಎಂಬ ಅಂಕಣವಿತ್ತು. ಬಹಳ ಯೋಚಿಸಿ, ‘ಐದು ದಿನ ನಾನಿರಲಿಲ್ಲ, ಏನೂ ನಿಲ್ಲಲಿಲ್ಲ’ ಎಂದು ಬರೆದೆ. ಓದಿ ನೋಡಿದರೆ ಅದು ಬಡ್ತಿಯ ಅರ್ಜಿಯೋ ರಾಜೀನಾಮೆಯೋ ನನಗೇ ತಿಳಿಯದಾಯಿತು. ತಿದ್ದಿಕೊಡೆಂದು ನಸ್ರೀನ್‌ಗೆ ಕಳುಹಿಸಿದೆ. ನನ್ನ ಬರಹವನ್ನು ಇನ್ನೊಬ್ಬರ ಕೈಗೆ ಹಾಗೆ ಒಪ್ಪಿಸಿದ್ದು ಅದೇ ಮೊದಲು.

ಮೂರು ತಿದ್ದುಪಡಿಗಳೊಡನೆ ಅದು ಮರಳಿತು. ಎರಡು ಸರಿಯಾಗಿದ್ದವು. ಮೂರನೆಯದು ಸರಿಯೆಂದು ನನಗೆ ಈಗಲೂ ಅನ್ನಿಸುತ್ತಿಲ್ಲ. ಅದನ್ನು ಮತ್ತೆ ತಿದ್ದಲು ಚಾಚಿದ ಕೈಯನ್ನು ಹಿಂದೆಳೆದುಕೊಂಡು, ಅರ್ಜಿಯನ್ನು ಇದ್ದಂತೆಯೇ ರಾಧಿಕಾ ಅವರಿಗೆ ಕಳುಹಿಸಿದೆ. ಬಡ್ತಿ ಬರುವುದೋ ಇಲ್ಲವೋ ತಿಳಿಯದು. ಅಂದಿನ ಕಾಫಿಯಂತೂ ರುಚಿಸಿತು.