ಕಳ್ಳುಷಾಪಿನ ಅಡುಗೆಮನೆ ಬಾಗಿಲು

ನಾವು ಕೊಂಡ ಮನೆ ಮೊದಲು ಕಳ್ಳುಷಾಪಾಗಿತ್ತು, ಹೆಂಡದಂಗಡಿ. ಹಾಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಆ ಮನೆ ನೋಡಲು ಹೋದ ದಿನ ನಾನೂ ನಗುನಗುತ್ತಲೇ ಒಳಗೆ ಹೋಗಿದ್ದೆ.

ವಯನಾಡು ಬೇರೆ ಜಿಲ್ಲೆಯಾಗಿ ಇನ್ನೂ ಹೊಸತು. ಹೊಸದಾಗಿ ತೆರೆದ ಆಫೀಸೊಂದರಲ್ಲಿ ನಮ್ಮ ಅಳಿಯನಿಗೆ ಮಾನಂದವಾಡಿಯಲ್ಲಿ ಕೆಲಸವಾಗಿತ್ತು. ನಾವಿದ್ದದ್ದು ಚೇಕಾಡಿಯಲ್ಲಿ, ಸುತ್ತ ಕಾಡು, ನಡುವೆ ಗದ್ದೆ. ಕತ್ತಲಾದರೆ ಆನೆ ದಾರಿಗಿಳಿಯುತ್ತದೆ. ಕಡೆಯ ಬಸ್ಸಿಳಿದು ಅಳಿಯ ಮನೆ ಮುಟ್ಟುವ ತನಕ ಮಗಳು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಬಸ್ಸಿನ ರಸ್ತೆಯಲ್ಲೇ ಒಂದು ಮನೆ ಸಿಕ್ಕರೆ ಎಲ್ಲರೂ ನೆಮ್ಮದಿಯಾಗಿ ಒಟ್ಟಿಗಿರಬಹುದೆಂದು ಹುಡುಕುತ್ತಿದ್ದಾಗ ಈ ಷಾಪು ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ನಡೆಸುತ್ತಿದ್ದವನು ವಯಸ್ಸಾಯಿತೆಂದು ಮುಚ್ಚಿ, ಘಟ್ಟದ ಕೆಳಗಿನ ತನ್ನೂರಿಗೆ ಹೊರಟುಹೋಗಿದ್ದ.

ಹೊರಗಿನಿಂದ ನನಗದು ಚೆನ್ನಾಗಿ ಗೊತ್ತಿದ್ದ ಜಾಗ. ಮರಕ್ಕಡವಿನ ತವರಿಗೆ ಹೋಗುವಾಗಲೆಲ್ಲ ಅದರ ಮುಂದೆಯೇ ಹಾದುಹೋಗಬೇಕು. ಆಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಕಳ್ಳಿನ ವಾಸನೆಗೆ ಹೇಸಿ ಹಾಗೆ ಮಾಡುತ್ತೇನೆಂದು ಊರವರು ಮೆಚ್ಚಿಕೊಂಡರು. ಕಳ್ಳಿನ ವಾಸನೆಗೆ ಯಾರು ಹೆದರುತ್ತಾರೆ? ನಾನು ಮೂಗು ಮುಚ್ಚಿಕೊಂಡದ್ದು ಒಳಗೆ ಕುದಿಯುವ ಮೀನುಸಾರಿಗೆ.

ಕಬಿನಿ ಹೊಳೆಯ ದಡದಲ್ಲಿ ಹುಟ್ಟಿದವಳು ನಾನು. ಅಪ್ಪ ಬಲೆ ಕೊಡವಿದ ಮೇಲೆಯೇ ನಮ್ಮ ಮನೆಯಲ್ಲಿ ಸಾರಿಗೆ ಖಾರ ಅರೆಯುತ್ತಿದ್ದದ್ದು. ಮದುವೆಯಾದ ಮೇಲೂ ತವರಿನಿಂದ ಮೀನು ಬರುವುದು ತಪ್ಪಲಿಲ್ಲ. ಆದರೆ ಮಗಳು ಇನ್ನೂ ತೊದಲುತ್ತಿದ್ದಾಗ ಜ್ವರ ನೆತ್ತಿಗೇರಿ ಅವಳ ಕಣ್ಣು ಮೇಲಾಯಿತು. ಮಾನಂದವಾಡಿ ಆಸ್ಪತ್ರೆಯ ವರಾಂಡದಲ್ಲಿ ನನ್ನ ಗಂಡ ಕೈಮುಗಿದು ಮನೆದೇವರಿಗೆ ಹರಕೆ ಹೊತ್ತರು. ಮಗು ಉಳಿದರೆ ನಾವಿಬ್ಬರೂ ಬದುಕಿರುವ ತನಕ ಮೀನು ಮಾಂಸ ಮುಟ್ಟುವುದಿಲ್ಲ ಎಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಬೇಡವೆನ್ನುತ್ತಿರಲಿಲ್ಲ; ಆ ಹೊತ್ತಿನಲ್ಲಿ ಅನ್ನ ಬಿಡು ಎಂದಿದ್ದರೂ ಬಿಡುತ್ತಿದ್ದೆ.

ಮಗು ಉಳಿಯಿತು, ನಾನು ಮೀನು ಬಿಟ್ಟೆ. ತವರಿನಲ್ಲಿ ಎಲ್ಲರೂ ಮುಳ್ಳು ಬಿಡಿಸುತ್ತ ಕೂತಾಗ ನಾನೊಬ್ಬಳು ಮಜ್ಜಿಗೆ ಅನ್ನ ಕಲಸಿಕೊಂಡು ಗೋಡೆ ನೋಡುತ್ತ ಉಂಡೆ. ಮುಂದಿನ ಬಸುರಿನಲ್ಲಿ ಬಯಕೆಯಾದಾಗಲೂ ಬಾಯಿ ಕಟ್ಟಿದೆ. ಒಂದೇ ಸಮಾಧಾನವೆಂದರೆ ಇವರೂ ಬಿಟ್ಟಿದ್ದಾರೆ, ನನ್ನ ಜೊತೆಗಿದ್ದಾರೆ ಎಂಬುದು.

ಮನೆ ತೋರಿಸಲು ಬಂದ ಬ್ರೋಕರು ಮಾತಿನಲ್ಲೇ ಅರಮನೆ ಕಟ್ಟುವವನು. ಕಳ್ಳು ಎಂದು ಬರೆದ ಹಲಗೆಯನ್ನು ಕಿತ್ತು ಗೋಡೆಗೆ ಒರಗಿಸಿಟ್ಟಿದ್ದರು, ಅದರ ಮುಂದೆ ತಾನೇ ಅಡ್ಡ ನಿಂತುಕೊಂಡ. ಒಳಗೆ ಹೆಂಚಿನ ಮಾಡು, ಕುಡಿಯುವವರು ಕೂರಲು ಹಲಗೆ ಹೊಡೆದು ಮಾಡಿದ ಗೂಡುಗೂಡು ಕೋಣೆಗಳು, ಕೂತು ಕೂತು ನುಣುಪಾದ ಹಲಸಿನ ಮರದ ಬೆಂಚು.

"ಚೇಚೀ, ಫ್ಯಾಮಿಲಿಗೇ ಅಂತ ಕಟ್ಟಿದಂಗೆ ಅದೆ ನೋಡಿ. ಇದು ಮೊಮ್ಮಗೂಗೆ ಓದೋ ಮುರಿ, ಓದೋ ಕೋಣೆ. ಇದು ಪೂಜಾಮುರಿ," ಎಂದು ಒಂದೊಂದು ಗೂಡನ್ನೂ ತೋರಿಸಿದ.

"ಇಲ್ಲಿ ಮೊದ್ಲಿಂದ್ಲೂ ಭಜನೆ ನಡೀತಿತ್ತಲ್ಲ," ಎಂದೆ ನಾನು. ಮಗಳು ಬಿದ್ದು ಬಿದ್ದು ನಕ್ಕಳು. ಇವರು ನಗಲಿಲ್ಲ.

ಹಿಂದೆ ಅಡುಗೆಮನೆ. ಅದಕ್ಕೆ ಹಿತ್ತಿಲಿನಿಂದಲೇ ಬಾಗಿಲು. ಬಾಗಿಲಿನ ಮೇಲಿನ ತೊಲೆ ಬಹಳ ತಗ್ಗು, ಒಳಗೆ ಕಗ್ಗತ್ತಲು. ಮೊದಲು ಹೋದ ಅಳಿಯ ಹಣೆ ಬಡಿಸಿಕೊಂಡ. "ಅಯ್ಯೋ, ತಲೆ ನೋಡ್ಕೊಳಿ," ಎನ್ನುತ್ತ ಹೋದ ಬ್ರೋಕರನ ತಲೆಯೂ ತೊಲೆಗೆ ತಾಗಿತು. ಅವರ ಹಿಂದೆ ನನ್ನ ಗಂಡ. ಎತ್ತರದ ಆಳು. ಮಗಳ ಕಡೆ ತಿರುಗಿ ಏನೋ ಹೇಳುತ್ತಲೇ ಸರಿಯಾಗಿ ತೊಲೆಯ ಕೆಳಗೆ ಬಗ್ಗಿ ದಾಟಿದರು. ಒಳಗೆ ಆ ಕತ್ತಲಲ್ಲಿ, ತಡಕಾಡದೆ, ಒಲೆಯ ಪಕ್ಕದ ಕಿಟಕಿಯ ಅಗುಳಿ ಸರಿಸಿ ಬೆಳಕು ಬಿಟ್ಟರು.

ಯಾರೂ ಗಮನಿಸಲಿಲ್ಲ. ಬ್ರೋಕರು ತಲೆ ಉಜ್ಜಿಕೊಳ್ಳುತ್ತಿದ್ದ. ಆ ಬಾಗಿಲು ಇವರಿಗೆ ಹೊಸದಲ್ಲವೆಂದು ನನಗೆ ಮಾತ್ರ ತಿಳಿಯಿತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ನಡಿಗೆ ಓದಲು ಬರುವುದಿಲ್ಲವೇ?

ಮನೆಗೆ ಬಂದು ಮಗಳು ಆಚೆ ಹೋದದ್ದೇ ಕೇಳಿದೆ. "ಯಾವಾಗಿಂದ ಕುಡೀತಿದ್ರಿ?"

"ಕಳ್ಳು ಮುಟ್ಟಿಲ್ಲ ಕಣೇ, ಸತ್ಯಂ! ಬೇಕಾದ್ರೆ ಮಗಳಾಣೆ."

"ಅವ್ಳ ಆಣೆ ಹಾಕ್ಬೇಡಿ. ಕುಡೀದೋರಿಗೆ ಅಲ್ಲಿ ಏನು ಕೆಲ್ಸ?"

"ಮೀನು," ಎಂದರು. "ಮುಂದೆ ಕೂತ್ರೆ ಊರೋರು ನೋಡ್ತಾರೆ ಅಂತ ಹಿಂದಿಂದ ಹೋಗ್ತಿದ್ದೆ. ಪೇಟೆಗೆ ಹೋದ ದಿವ್ಸ ಮಾತ್ರ."

ಪೇಟೆಗೆ ಹೋದ ದಿನಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಆ ದಿನಗಳಲ್ಲಿ ಇವರು ಪೇರಳೆ ಎಲೆ ಅಗಿಯುತ್ತ ಬರುತ್ತಿದ್ದರು. ಹಲ್ಲುನೋವು ಎನ್ನುತ್ತಿದ್ದರು. ಊಟ ಬೇಡ ಎನ್ನುತ್ತಿದ್ದರು. ಅಯ್ಯೋ ಪಾಪ ಎಂದು ನಾನು ಉಪ್ಪುನೀರು ಬಿಸಿ ಮಾಡಿ ಬಾಯಿ ಮುಕ್ಕಳಿಸಲು ಕೊಡುತ್ತಿದ್ದೆ. ಮೀನಿನ ಬಾಯಿ ತೊಳೆಯಲು ನನ್ನ ಕೈಯಿಂದಲೇ ನೀರು! ಕುಡಿದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಕುಡಿಯುವುದಿಲ್ಲವೆಂದು ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ.

"ಹೋಗ್ಲಿ ಬಿಡು. ಮಗಳಿಗೆ ಏನೂ ಆಗ್ಲಿಲ್ವಲ್ಲ," ಎಂದರು.

"ನಾನು ತಿನ್ಲಿಲ್ಲ. ಅದ್ಕೇ ಆಗ್ಲಿಲ್ಲ," ಎಂದೆ.

ಅದು ನಿಜವೆನ್ನಲು ನನ್ನ ಹತ್ತಿರ ಸಾಕ್ಷಿಯಿಲ್ಲ. ಮರುವಾರ ಹಟ ಹಿಡಿದು ಮೀನಿನವನ ಬುಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಂಗಳದಲ್ಲಿ ಮಗಳು ಕೆಮ್ಮಿದಳು. ಕೈ ತಾನೇ ಹಿಂದೆ ಬಂತು. ಅವರಿಗೆ ದೇವರು ಸುಮ್ಮನಿದ್ದ. ನನಗೂ ಸುಮ್ಮನಿರುತ್ತಾನೆಂದು ಯಾರು ಹೇಳಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದು ಎದ್ದುಹೋಯಿತು, ಪಾತ್ರೆ ಕಾಯುವ ಕೆಲಸ ನನಗೆ ಉಳಿಯಿತು.

ಮನೆ ಕೊಂಡೆವು. ಮಗಳು ದಿನವೂ ಬಾಗಿಲಲ್ಲಿ ನಿಂತು ಆನೆಗೆ ಹೆದರುವುದು ತಪ್ಪಲಿ, ಅದೊಂದಕ್ಕಾಗಿ. ಅವಳಿಗೆ ನಾನು ಏನನ್ನೂ ಹೇಳಲಿಲ್ಲ. ಹೊಸ ಮನೆಗೆ ಬಂದ ಮೊದಲ ಭಾನುವಾರ ಅವಳು ತಾನೇ ಆ ಒಲೆಯ ಮೇಲೆ ಮೀನುಸಾರು ಕಾಯಿಸಿದಳು. ಹುಣಸೆಯಲ್ಲ, ಕೊಡಂಪುಳಿಯೆಂಬ ಒಣಗಿಸಿದ ಹುಳಿಹಣ್ಣು ಹಾಕಿ, ನನ್ನ ಅಮ್ಮ ಮಾಡುತ್ತಿದ್ದ ಹಾಗೆಯೇ. ಎಲ್ಲರೂ ಊಟಕ್ಕೆ ಕೂತರು.

"ಅವ್ವಾ, ಅಪ್ಪಾ, ನಾನು ಬೆಳ್ದು ಮಗೂನೂ ಹೆತ್ತಾಯ್ತು. ಇನ್ನೂ ಎಂಥ ಹರಕೆ? ಇವತ್ತು ಇಬ್ರೂ ತಿನ್ಲೇಬೇಕು," ಎಂದು ಸೌಟು ಎತ್ತಿದಳು.

ನಾನು ಬಾಯಿ ತೆರೆಯುವ ಮೊದಲೇ ಇವರು ತಟ್ಟೆಗೆ ಕೈ ಅಡ್ಡ ಹಿಡಿದರು. "ಬೇಡ ಮೋಳೇ. ನಿನ್ನ ಜೀವಕ್ಕೆ ಅಂತ ಬಿಟ್ಟಿದ್ದು. ಸಾಯೋ ತನ್ಕ ನಾನು ಮುಟ್ಟಲ್ಲ."

ಹೇಳಿಬಿಡಲೇ ಎಂದು ಮಾತು ನಾಲಿಗೆಯ ತುದಿಗೆ ಬಂತು. ಆದರೆ ಮಗಳು ಸೌಟು ಕೆಳಗಿಟ್ಟು, ಅಪ್ಪನ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳು ಅಳುತ್ತಿದ್ದಳು. ನಾನು ಮಜ್ಜಿಗೆಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ನನ್ನ ಕಡೆ ಅವಳು ನೋಡಲಿಲ್ಲ.