ಬಾಳವ್ವ ಆಯಿ ಕಾಯ್ದ ಹುಲ್ಲು

ಗುಡ್ಡ ಹತ್ತುವ ಮೊದಲು ಬಾಳವ್ವ ಆಯಿ ಚಪ್ಪಲಿ ಬಿಡುತ್ತಿದ್ದಳು. ಭಕ್ತಿಯೇ ಇರಬೇಕು ಎಂದುಕೊಂಡು ನಾನೂ ಒಮ್ಮೆ ಬೂಟು ಕಳಚಿ ಕೈಮುಗಿದೆ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲ್ಲಿ ಯಾವ ದೇವ್ರು ಅದಾನೋ ತಮ್ಮಾ? ಮಣ್ಣು ಎಲ್ಲಿ ಸಡ್ಲ ಐತಿ ಅನ್ನೂದು ಅಂಗಾಲಿಗೆ ಗೊತ್ತಾಗತೈತಿ, ಕಣ್ಣಿಗೆ ಗೊತ್ತಾಗೂದಿಲ್ಲ. ಅದಕ್ಕ ಬಿಡ್ತೇನಿ."

ನಾನು ಹಾರೂಗೇರಿಯವನು. ಜೆಸಿಬಿ ಓಡಿಸುತ್ತೇನೆ. ಕಬ್ಬಿನ ಹೊಲ ಸಮ ಮಾಡುವುದರಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ನನಗಿತ್ತು. ಪಾಲಬಾವಿಯ ಕಡೆ ಒಂದು ಮಡ್ಡಿಗುಡ್ಡ. ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಷೀನಿನವರು ಬಹಳ ವರ್ಷ ಅದರ ಹೊಟ್ಟೆ ಬಗೆದು, ಕಲ್ಲು ತೀರಿದ ಮೇಲೆ ತಗಡಿನ ಷೆಡ್ಡು ಕೂಡ ಬಿಡದೆ ಕಿತ್ತುಕೊಂಡು ಹೋಗಿದ್ದರು. ತಮಗೆ ಬೇಡವಾದ ಗರಸು, ಕಲ್ಲಿನ ಪುಡಿ ಮಾತ್ರ ಇಳಿಜಾರಿನ ತುಂಬ ಸುರಿದಿದ್ದರು. ಪ್ರತಿ ಮಳೆಗೂ ಅದು ಜಾರಿ ಕೆಳಗಿನ ಓಣಿಯ ಬಾವಿಗೆ ಬಂದು ಬೀಳುತ್ತಿತ್ತು.

ಬಾಳವ್ವ ಆಯಿ ಆ ಓಣಿಯವಳು, ಕುರಿ ಸಾಕುವ ಮನೆತನದ ವಿಧವೆ. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನ ಜೊತೆ ಅದೇ ಗುಡ್ಡದಲ್ಲಿ ಕುರಿ ಮೇಯಿಸಿದ್ದಳಂತೆ. ಅವಳಿಗೆ ಇದ್ದದ್ದು ಒಂದೇ ಆಸೆ, ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು: "ಸಾಯೂದ್ರಾಗ ಒಮ್ಮೆ ನನ್ನ ಕುರಿ ಈ ಗುಡ್ಡದಾಗ ಮೇಯೂದು ನೋಡಬೇಕ್ರಿ."

ಇಳಿಜಾರು ಸರಿಮಾಡಲು ಊರವರು ನನ್ನನ್ನು ಕರೆಸಿದರು. ಎರಡೇ ದಿನದಲ್ಲಿ ಗಿಲಾವು ಮಾಡಿದ ಗೋಡೆಯಷ್ಟು ನುಣ್ಣಗೆ ಮಾಡಿ, ಕೆಳಗೆ ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚುತ್ತಿದ್ದೆ. ಆಯಿ ಮೇಲೆ ಹತ್ತಿ ಚರಿಗೆಯ ನೀರನ್ನು ಸುರಿದಳು. ನೀರು ಎಲ್ಲಿಯೂ ನಿಲ್ಲದೆ ಓಡಿ ಬಂತು.

"ನೋಡು. ನೀರಿಗೆ ಕುಂದ್ರಾಕ ಒಂದರೆ ಜಾಗಾ ಇಟ್ಟಿಯೇನು?"

"ಆಯಿ, ನೀ ಕುರಿ ನೋಡ್ಕೋ. ಮಷೀನಿನ ಕೆಲಸಾ ನನಗ ಬಿಡು," ಎಂದೆ.

ಜೂನ್ ಮೊದಲಲ್ಲಿ ಕೂಡುವ ಮಿರಗದ ಮೊದಲ ಮಳೆಗೇ ಅರ್ಧ ಇಳಿಜಾರು ಬಾವಿಯಲ್ಲಿತ್ತು. ಓಣಿಯವರೆಲ್ಲ ಸೇರಿ ಬುಟ್ಟಿಯಲ್ಲಿ ಕೆಸರು ಎತ್ತಿದರು, ನಾನೂ ಇಳಿದೆ. ನಾಚಿಕೆಯಿಂದ ಸತ್ತುಹೋಗಿದ್ದೆ. ಆಯಿ ಬೈದಿದ್ದರೆ ಹಗುರಾಗುತ್ತಿತ್ತು. ಅವಳು ರೊಟ್ಟಿ, ಝುಣಕ ಮುಂದಿಟ್ಟು, "ಉಣ್ಣು. ನಾಳಿಂದ ಕಲ್ಲು ಹೊರೂಣು," ಎಂದಳಷ್ಟೆ.

ಹೊತ್ತೆವು. ಮನೆ ಕಟ್ಟುವ ಗವಂಡಿಗಳು ಬಳಸುವ ನೀರಿನ ಪೈಪಿನಿಂದ ಮಟ್ಟ ಹಿಡಿದು, ಇಳಿಜಾರಿಗೆ ಅಡ್ಡಲಾಗಿ ಸಾಲುಸಾಲು ಕಲ್ಲಿಟ್ಟೆವು. ಕಲ್ಲಿನ ಹಿಂದೆ ಆಯಿ ಕರಡದ ಹುಲ್ಲಿನ ಬೇರು ನೆಟ್ಟಳು. ಆದರೆ ಬರೀ ಗರಸಿನಲ್ಲಿ ಏನು ಬೆಳೆದೀತು? ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ರೈತರು ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಹಿಂಡು ರಾತ್ರಿ ಅಲ್ಲೇ ಮಲಗುತ್ತದೆ, ಹೊಲಕ್ಕೆ ಹಿಕ್ಕೆಯ ಗೊಬ್ಬರ ಸಿಗುತ್ತದೆ, ಕುರಿಯವರಿಗೆ ಜೋಳ ಸಿಗುತ್ತದೆ. ಆ ಬೇಸಿಗೆ ಆಯಿ ಕರೆದವರ ಹೊಲಕ್ಕೆಲ್ಲ ಒಲ್ಲೆ ಎಂದು, ಹಗಲೆಲ್ಲ ಹಿಂಡಿಗೆ ಜಾಲಿಕಾಯಿ ತಿನ್ನಿಸಿ, ಸಂಜೆಗೆ ತಂದು ಗುಡ್ಡದ ಕಲ್ಲುಸಾಲುಗಳ ನಡುವೆ ತರುಬಿದಳು.

ಅಳಿಯ ಸಿದ್ದಪ್ಪ ಕೂಗಾಡಿದ. "ಅತ್ತೀ, ಹೊಲದಾವ್ರು ಜೋಳಾ ಕೊಡ್ತಾರ. ಈ ಕಲ್ಲು ಏನ್ ಕೊಡ್ತೈತಿ? ತಲಿ ಕೆಟ್ಟೈತೇನು?"

"ಮಂದಿ ಹೊಲಾ ಇಷ್ಟ ವರ್ಷ ಹದಾ ಮಾಡೇನೋ ಯಪ್ಪಾ. ನನ್ನ ಗುಡ್ಡಾ ಹಸಗೊಂಡು ಕುಂತೈತಿ, ಅದಕ್ಕೊಮ್ಮೆ ಉಣಸ್ತೇನಿ."

ಮಳೆ ಬಿದ್ದ ಮೇಲೆ ನೋಡಬೇಕಿತ್ತು! ಕುರಿಯ ಹೊಟ್ಟೆಯಲ್ಲಿ ಹದವಾಗಿ ಬಂದ ಜಾಲಿಬೀಜಗಳು ಹಿಕ್ಕೆಯೊಳಗಿಂದಲೇ ಮೊಳೆತಿದ್ದವು. ಕಲ್ಲುಸಾಲಿನ ಹಿಂದೆ ಕರಡ ಚಿಗುರಿತ್ತು. ನಾನು ಕುಣಿದಾಡುತ್ತಿದ್ದೆ. ಆಯಿ ಅದೇ ದಿನ ಗುಡ್ಡದ ಸುತ್ತ ಮುಳ್ಳುಬೇಲಿ ಹಾಕಿಸಿ, ತನ್ನ ಕುರಿಗಳನ್ನೇ ಹೊರಗಿಟ್ಟಳು.

ಅಲ್ಲಿಂದ ಮುಂದಿನದು ಕಷ್ಟದ ಕೆಲಸ. ದಿನಾ ಹಿಂಡು ಆ ಬೇಲಿಯ ಪಕ್ಕದಲ್ಲೇ ಹಾಯಬೇಕು. ಹಸಿದ ಕುರಿಗಳು ಹಸಿರು ನೋಡಿ ಕತ್ತು ಚಾಚುತ್ತಿದ್ದವು. ಆಯಿ ಕೋಲು ಕುಟ್ಟಿ "ಹೇ, ಹಿಂದಕ್ಕ!" ಎಂದು ಗದರುತ್ತಿದ್ದಳು. ಆಮೇಲೆ ಅವುಗಳ ತಲೆ ಸವರಿ, "ಬೇರು ಹಿಡೀಲಿ ನನ್ನವ್ವಾ, ನಿಮಗ ಇಟ್ಟೇನಲ್ಲ," ಎಂದು ಸಮಾಧಾನ ಹೇಳುತ್ತಿದ್ದಳು. ಒಂದು ವರ್ಷವಲ್ಲ, ನಾಲ್ಕು ವರ್ಷ. ಬರಬರುತ್ತಾ ಅವಳು ಕೋಲು ಎತ್ತುವುದೇ ಬೇಡವಾಯಿತು, ಬೇಲಿ ಕಂಡರೆ ಕುರಿಗಳೇ ಹೊರಳುತ್ತಿದ್ದವು. ಯಾವಾಗ ಬಿಡ್ತಿ ಎಂದು ಯಾರೇ ಕೇಳಲಿ, ಅವಳ ಉತ್ತರ ಒಂದೇ: "ಇನ್ನೊಂದ ಮಳಿ ಆಗ್ಲಿ."

ನಾಲ್ಕನೆಯ ಬೇಸಿಗೆಯಲ್ಲಿ ಅವಳನ್ನು ಕೊನೆಯ ಸಲ ನೋಡಿದೆ. ಕೆಮ್ಮಿ ಕೆಮ್ಮಿ ಬಡಕಲಾಗಿದ್ದಳು. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಕುಳಿತಿದ್ದಳು. ಹತ್ತುವ ಶಕ್ತಿ ಇರಲಿಲ್ಲ.

"ತಮ್ಮಾ, ಬೇಲಿ ತಗೀತೀಯೇನು? ಒಂದ ತಾಸು ಮೇಯಲಿ. ನಾ ಇಲ್ಲೇ ಕುಂತ ನೋಡ್ತೇನಿ."

ನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ನಾನು ಬೂಟು ಕಳಚಿ ಒಬ್ಬನೇ ಮೇಲೆ ಹತ್ತಿದೆ. ಕೆಳಗಿನ ಸಾಲುಗಳು ಗಟ್ಟಿಯಾಗಿದ್ದವು. ಮೇಲಿನ ಸಾಲಿನಲ್ಲಿ ಹಿಮ್ಮಡಿಯ ಕೆಳಗೆ ಮಣ್ಣು ಕುಸಿಯಿತು. ಇಳಿದು ಬಂದು ಅವಳ ಮುಖ ನೋಡಲಾಗದೆ ಹೇಳಿದೆ: "ಮ್ಯಾಲ ಇನ್ನಾ ಸಡ್ಲ ಐತಿ ಆಯಿ. ಇನ್ನೊಂದ ಮಳಿ ಆಗ್ಲಿ."

ಆಯಿ ಬೇಲಿಯಾಚೆಯ ಹಸಿರನ್ನೊಮ್ಮೆ ಕಣ್ತುಂಬ ನೋಡಿದಳು. ಆಮೇಲೆ, "ಬರೋಬರಿ ಅಂದಿ," ಎಂದು ಚಪ್ಪಲಿ ಮೆಟ್ಟಿಕೊಂಡು ಎದ್ದಳು.

ಮಿರಗ ಕೂಡುವ ಮೊದಲೇ ತೀರಿಕೊಂಡಳು. ಒಂದು ತಾಸು ಬಿಟ್ಟಿದ್ದರೆ ಗುಡ್ಡವೇನು ಬಿದ್ದು ಹೋಗುತ್ತಿತ್ತೇ? ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅವಳಿದ್ದಿದ್ದರೆ ಈ ಮಾತಿಗೂ ನನಗೆ ಬೈಗುಳ ಬೀಳುತ್ತಿತ್ತು.

ಆ ವರ್ಷ ಮಳೆ ಜಡಿದು ಹೊಡೆಯಿತು. ಬಾವಿಯ ನೀರು ಕದಡಲಿಲ್ಲ. ದೀಪಾವಳಿಯಾದ ಮೇಲೆ ಬರಿಗಾಲಲ್ಲಿ ಗುಡ್ಡವನ್ನೆಲ್ಲ ತುಳಿದು ನೋಡಿ, ಸಿದ್ದಪ್ಪ ಮತ್ತು ನಾನು ಮುಳ್ಳು ಎಳೆದು ದಾರಿ ಬಿಟ್ಟೆವು. ಹಿಂಡು ಬಂತು. ತೆರೆದ ದಾರಿಯ ಮುಂದೆ ನಿಂತುಬಿಟ್ಟಿತು. ಸಿದ್ದಪ್ಪ ಸಿಳ್ಳೆ ಹಾಕಿದ, ನಾನು ತಳ್ಳಿದೆ. ಒಂದೂ ಒಳಗೆ ಕಾಲಿಡಲಿಲ್ಲ, ಹಿಂತಿರುಗಿ ಓಣಿಯ ಕಡೆಗೇ ನೋಡುತ್ತಿದ್ದವು. ನನಗೆ ಅಳು ತಡೆಯಲಾಗಲಿಲ್ಲ.

ಕೊನೆಗೆ ಆ ಮಳೆಗಾಲದಲ್ಲಿ ಹುಟ್ಟಿದ ಒಂದು ಮರಿ, ಆಯಿಯ ದನಿಯನ್ನೇ ಕೇಳದ್ದು, ಕಲ್ಲು ಹಾರಿ ಒಳಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿತು. ಅದರ ಹಿಂದೆ ತಾಯಿ ಹೋಯಿತು. ಆಮೇಲೆ ಉಳಿದವೆಲ್ಲ ಹೋದವು. ಬೂಟು ಕೈಯಲ್ಲಿ ಹಿಡಿದುಕೊಂಡು, ಆಯಿ ಕುಳಿತಿದ್ದ ಜಾಗದಲ್ಲಿ ನಾನು ಒಂದು ತಾಸು ಕುಳಿತು ನೋಡಿದೆ.